ಸಮುದ್ರದ ಗಾಳಿ: ಮಾಡೆಲ್ ಹೇಳಿದ್ದು, ಉಪಗ್ರಹ ಕಂಡದ್ದು (ಪದೇ ಪದೇ ಕೇಳುವ ಪ್ರಶ್ನೆಗಳು)

ಧಾರವಾಡದಲ್ಲಿ ಕೂತು ಅರಬ್ಬಿ ಸಮುದ್ರದ ಗಾಳಿ ನೋಡುವುದು ನನ್ನ ಹಳೆಯ ಚಟ. ಮುಂಗಾರಿನ ನಾಲ್ಕು ತಿಂಗಳು ಬೆಳಗಿನ ಚಹಾದ ಜೊತೆ ಎರಡು ನಕಾಶೆ ತೆರೆಯುತ್ತೇನೆ. ಒಂದು ಹವಾಮಾನ ಮಾಡೆಲ್ ಹೇಳಿದ ಗಾಳಿ, ಇನ್ನೊಂದು ಉಪಗ್ರಹ ಅಳೆದ ಗಾಳಿ. ಎರಡೂ ಪೂರ್ತಿ ಹೊಂದಿದ್ದನ್ನು ನಾನು ಇದುವರೆಗೆ ನೋಡಿಲ್ಲ. ಈ ಚಟ ಗೊತ್ತಿರುವವರು ವಾಕಿಂಗ್‌ನಲ್ಲಿ, ಶಾಲೆಗಳಲ್ಲಿ, ಗದಗ-ಹಾವೇರಿಯಿಂದ ಬರೆಯುವ ಪತ್ರಗಳಲ್ಲಿ ಅವೇ ಪ್ರಶ್ನೆ ಕೇಳುತ್ತಾರೆ. ಕೇಳಿದವರ ಮಾತನ್ನು ಹಾಗೇ ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲ ಪ್ರಶ್ನೆಗಳು

ಅಲ್ರೀ ಸರ, ನಮ್ಮ ಹುಬ್ಬಳ್ಳ್ಯಾಗ ಸಮುದ್ರಾನ ಇಲ್ಲ. ಅಲ್ಲಿ ಗಾಳಿ ಎಷ್ಟರ ಬೀಸಲಿ, ನಮಗೇನ್ರಿ?

ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ಪಶ್ಚಿಮಕ್ಕೆ ಆಫ್ರಿಕಾ, ಅರೇಬಿಯಾದ ದಂಡೆಯವರೆಗೆ ಬರೀ ನೀರು. ಮುಂಗಾರಿನಲ್ಲಿ ಹಾನಗಲ್ಲಿನ ಗದ್ದೆಗೆ ಬೀಳುವ ಮಳೆ ಆ ನೀರಿನ ಮೇಲಿಂದಲೇ ಗಾಳಿಯ ಬೆನ್ನೇರಿ ಬರುತ್ತದೆ. ಗಾಳಿ ಎಷ್ಟು ಜೋರು, ಯಾವ ಕಡೆಯಿಂದ ಅನ್ನುವುದು ತಪ್ಪಿದರೆ ಮಳೆಯ ಲೆಕ್ಕವೂ ತಪ್ಪುತ್ತದೆ. ಕೇರಳಕ್ಕೆ ಮುಂಗಾರು ಬಂತು ಎಂದು ಘೋಷಿಸಲು ಭಾರತೀಯ ಹವಾಮಾನ ಇಲಾಖೆ ನೋಡುವ ಲಕ್ಷಣಗಳಲ್ಲೂ ಸಮುದ್ರದ ಗಾಳಿ ಇದೆ. ಉತ್ತರ ಅಕ್ಷಾಂಶ 5ರಿಂದ 10 ಡಿಗ್ರಿ, ಪೂರ್ವ ರೇಖಾಂಶ 70ರಿಂದ 80 ಡಿಗ್ರಿಯ ಚೌಕದಲ್ಲಿ, ಸುಮಾರು ಮುಕ್ಕಾಲು ಕಿಲೋಮೀಟರ್ ಎತ್ತರದಲ್ಲಿ, ಪಡುಗಾಳಿ 15ರಿಂದ 20 ನಾಟ್, ಅಂದರೆ ಗಂಟೆಗೆ ಸುಮಾರು 28ರಿಂದ 37 ಕಿ.ಮೀ. ಇರಬೇಕು.

ನೆಲದ ಮೇಲಾದರೆ ಊರೂರಿಗೆ ಒಂದು ಮಾಪಕ ಇಡಬಹುದು. ನಡುಸಮುದ್ರದಲ್ಲಿ ಅಲ್ಲೊಂದು ಇಲ್ಲೊಂದು ಮಾಪಕ ಹೊತ್ತ ತೇಲುಬುರುಡೆ, ಹಾಯ್ದುಹೋಗುವ ಹಡಗು, ಅಷ್ಟೇ. ಹಾಗಾಗಿ ಉಪಗ್ರಹ ಬೇಕು.

ಮಾಡೆಲ್ ಅಂದ್ರೆ ಏನು? ಅದಕ್ಕೆ ಗಾಳಿ ಹೇಗೆ ಗೊತ್ತಾಗುತ್ತೆ?

ಭೂಮಿಯ ವಾತಾವರಣವನ್ನು ಚೌಕಚೌಕವಾಗಿ ಕತ್ತರಿಸಿ, ಪ್ರತಿ ಚೌಕದ ಒತ್ತಡ, ಉಷ್ಣತೆ, ತೇವ, ಗಾಳಿಯನ್ನು ಭೌತಶಾಸ್ತ್ರದ ಸಮೀಕರಣಗಳಿಂದ ಮುಂದೆ ತಳ್ಳುತ್ತಾ ಹೋಗುವ ಕಂಪ್ಯೂಟರ್ ಲೆಕ್ಕ. ಯುರೋಪಿನ ಇಸಿಎಂಡಬ್ಲ್ಯುಎಫ್ ಕೇಂದ್ರದ ಮುಖ್ಯ ಮಾಡೆಲ್‌ನ ಚೌಕ ಸುಮಾರು 9 ಕಿ.ಮೀ. ನಮ್ಮ ನೋಯ್ಡಾದ ಎನ್‌ಸಿಎಂಆರ್‌ಡಬ್ಲ್ಯುಎಫ್ ಕೇಂದ್ರದ ಜಾಗತಿಕ ಮಾಡೆಲ್‌ದು 12 ಕಿ.ಮೀ. ಹಳೆಯ ಕಾಲದ ಗಾಳಿ ಬೇಕಿದ್ದರೆ ಇಆರ್‌ಎ-5 ಇದೆ. 1940ರಿಂದ ಇಲ್ಲಿಯವರೆಗೆ ಗಂಟೆಗೊಂದು ಲೆಕ್ಕ, ಚೌಕ 31 ಕಿ.ಮೀ. ಹವ್ಯಾಸಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ, ಪುಕ್ಕಟೆ ಸಿಗುತ್ತದೆ.

ಉಪಗ್ರಹಕ್ಕ ಗಾಳಿ ಕಾಣಸ್ತದೇನ್ರಿ? ನಮಗs ಕಾಣೂದಿಲ್ಲ!

ಅದಕ್ಕೂ ಕಾಣುವುದಿಲ್ಲ. ಅದು ನೋಡುವುದು ನೀರನ್ನು. ಗಾಳಿ ಇಲ್ಲದ ಸಂಜೆ ಉಣಕಲ್ ಕೆರೆಯ ದಂಡೆಗೆ ಹೋಗಿ, ನೀರಿನ ಮೇಲೆ ಓರೆಯಾಗಿ ಬ್ಯಾಟರಿ ಬಿಡಿ. ಬೆಳಕು ಜಾರಿ ಆಚೆ ಹೋಗುತ್ತದೆ, ನಿಮ್ಮ ಕಣ್ಣಿಗೆ ಏನೂ ವಾಪಸ್ ಬರುವುದಿಲ್ಲ. ಗಾಳಿ ಎದ್ದು ನೀರಿನ ಮೈ ಜುಮ್ ಅಂದಾಗ ಮತ್ತೆ ಬಿಡಿ. ಈಗ ಸಾವಿರ ಕಡೆ ಮಿಣಮಿಣ ಅಂತ ವಾಪಸ್ ಬರುತ್ತದೆ. ಸ್ಕ್ಯಾಟರೋಮೀಟರ್ ಮಾಡುವುದು ಇದನ್ನೇ, ಬೆಳಕಿನ ಬದಲು ರೇಡಾರ್ ಅಲೆ. ಯುರೋಪಿನ ಮೆಟಾಪ್ ಉಪಗ್ರಹಗಳ ಆಸ್ಕ್ಯಾಟ್ ಬಳಸುವ ಅಲೆಯ ಉದ್ದ 5.7 ಸೆಂಟಿಮೀಟರ್. ಭಾರತದವು ಬಳಸುವುದು 2.2 ಸೆಂಟಿಮೀಟರ್. ಗಾಳಿ ಹೆಚ್ಚಾದಂತೆ ಕೆಲವೇ ಸೆಂಟಿಮೀಟರಿನ ಕಿರುಅಲೆಗಳು ಹೆಚ್ಚುತ್ತವೆ, ವಾಪಸ್ ಬರುವ ರೇಡಾರ್ ಅಲೆಯ ಜೋರೂ ಹೆಚ್ಚುತ್ತದೆ. ಈ ಜೋರನ್ನೇ ಮುಂದೆ ಸದ್ದು ಅನ್ನುತ್ತೇನೆ. ಒಂದೇ ಜಾಗವನ್ನು ಬೇರೆ ಬೇರೆ ಕಡೆಯಿಂದ ನೋಡಿದರೆ ದಿಕ್ಕೂ ಸಿಗುತ್ತದೆ. ಏಕೆಂದರೆ ಕಿರುಅಲೆಗಳು ಗಾಳಿಗೆ ಎದುರಾಗಿ ನೋಡಿದಾಗ ಒಂದು ಥರ, ಅಡ್ಡದಿಂದ ನೋಡಿದಾಗ ಇನ್ನೊಂದು ಥರ ಕಾಣುತ್ತವೆ.

ಅಳೆದದ್ದು ಉಪಗ್ರಹ, ಲೆಕ್ಕ ಹಾಕಿದ್ದು ಮಾಡೆಲ್. ಹಾಗಾದ್ರೆ ಉಪಗ್ರಹವೇ ಸರಿ ಅಲ್ವಾ?

ಎಲ್ಲರೂ ಇಲ್ಲೇ ಎಡವುತ್ತಾರೆ. ನಾನೂ ಎಡವಿದ್ದೆ. ಉಪಗ್ರಹ ಅಳೆದದ್ದು ರೇಡಾರ್ ಸದ್ದನ್ನು, ಗಾಳಿಯನ್ನಲ್ಲ. ಇಷ್ಟು ಸದ್ದು ಬಂದರೆ ಇಷ್ಟು ಗಾಳಿ ಅನ್ನಲು ಒಂದು ಸೂತ್ರ ಬೇಕು. ಆಸ್ಕ್ಯಾಟ್‌ಗೆ ಬಳಸುವ ಸೂತ್ರಗಳಿಗೆ ಸಿಮಾಡ್ ಎಂದು ಹೆಸರು. ಆ ಸೂತ್ರವನ್ನು ತಿದ್ದಿ ತೀಡಿದ್ದು ತೇಲುಬುರುಡೆಗಳ ಅಳತೆ ಮತ್ತು ಮಾಡೆಲ್‌ಗಳ ಗಾಳಿ ಇಟ್ಟುಕೊಂಡೇ.

ದಿಕ್ಕಿನ ವಿಷಯದಲ್ಲಿ ಇನ್ನೂ ಒಂದು ಗುಟ್ಟು. ಸದ್ದನ್ನು ಗಾಳಿಗೆ ತಿರುಗಿಸುವಾಗ ಒಂದೇ ಉತ್ತರ ಸಿಗುವುದಿಲ್ಲ. ಹೆಚ್ಚಿನ ಸಲ ಎರಡು, ಕೆಲವೊಮ್ಮೆ ನಾಲ್ಕರವರೆಗೆ. ಆ ಎರಡು ಸುಮಾರಾಗಿ ಒಂದಕ್ಕೊಂದು ಎದುರುಬದುರು ಇರುತ್ತವೆ. ಯಾವುದು ನಿಜ ಅಂತ ಆರಿಸಲು ಮಾಡೆಲ್‌ನ ಗಾಳಿಯನ್ನೇ ಕೇಳಬೇಕು. ಅಂದರೆ ಸಾಕ್ಷಿ ಹೇಳಲು ಬಂದವನು ಮೊದಲೇ ಎದುರು ಪಾರ್ಟಿಯನ್ನು ಒಂದು ಮಾತು ಕೇಳಿ ಬಂದಿದ್ದಾನೆ. ಹಾಗಂತ ಅವನ ಸಾಕ್ಷಿ ಸುಳ್ಳಲ್ಲ. ವೇಗದ ವಿಷಯದಲ್ಲಿ ಅವನ ಮಾತಿಗೆ ನಾನು ಜಾಸ್ತಿ ತೂಕ ಕೊಡುತ್ತೇನೆ.

ನಮ್ಮ ದೇಶದ್ದು ಯಾವ ಉಪಗ್ರಹ ಇದೆ?

ಓಷನ್‌ಸ್ಯಾಟ್-2 ಹಾರಿದ್ದು 2009ರ ಸೆಪ್ಟೆಂಬರ್ 23ರಂದು. ಅದರ ಸ್ಕ್ಯಾಟರೋಮೀಟರ್ 2014ರಲ್ಲಿ ನಿಂತಿತು. 2016ರ ಸೆಪ್ಟೆಂಬರ್ 26ರಂದು ಸ್ಕ್ಯಾಟ್‌ಸ್ಯಾಟ್-1 ಹೋಯಿತು, 2021ರವರೆಗೆ ಕೆಲಸ ಮಾಡಿತು. 2022ರ ನವೆಂಬರ್ 26ರಂದು ಇಒಎಸ್-06, ಅಂದರೆ ಓಷನ್‌ಸ್ಯಾಟ್-3. ಇಸ್ರೋದ ಮಾಸ್ಡ್ಯಾಕ್ ತಾಣದಲ್ಲಿ ಹೆಸರು ನೋಂದಾಯಿಸಿದರೆ ದತ್ತಾಂಶ ಸಿಗುತ್ತದೆ. ನಡುವಿನ ಖಾಲಿ ವರ್ಷಗಳನ್ನು ಗಮನಿಸಿ. ಬೇರೆ ಬೇರೆ ಉಪಗ್ರಹಗಳನ್ನು ಸುಮ್ನೆ ಜೋಡಿಸಿ, ಹದಿನೈದು ವರ್ಷದಲ್ಲಿ ಗಾಳಿ ಹೆಚ್ಚಾಯಿತು ಅಂತ ಗೆರೆ ಎಳೆದರೆ, ನೀವು ಅಳೆದದ್ದು ಗಾಳಿಯನ್ನಲ್ಲ, ಉಪಕರಣ ಬದಲಾದದ್ದನ್ನು.

ಗದಗದಾಗ ನಮ್ಮ ಕಪ್ಪತಗುಡ್ಡದ ಕಡೆ ಗಾಳಿಯಂತ್ರ ಅದಾವ. ಅಲ್ಲಿಗೂ ಈ ಉಪಗ್ರಹದ ಗಾಳಿ ಬಳಸಬಹುದೇನ್ರಿ?

ಆಗುವುದಿಲ್ಲ. ನೆಲದ ಮೇಲೆ ಕಿರುಅಲೆ ಏಳುವುದಿಲ್ಲವಲ್ಲ! ಅದೂ ಅಲ್ಲದೆ ಉಪಗ್ರಹ ಕೊಡುವುದು 10 ಮೀಟರ್ ಎತ್ತರದ ಗಾಳಿ, ರೆಕ್ಕೆ ತಿರುಗುವುದು ಅದಕ್ಕಿಂತ ಎಷ್ಟೋ ಮೇಲೆ. ಸಮುದ್ರದೊಳಗೆ ಯಂತ್ರ ನಿಲ್ಲಿಸುವ ಯೋಜನೆಗಳಿಗೆ ಮಾತ್ರ ಈ ಹೋಲಿಕೆ ಬಹಳ ಮುಖ್ಯ. ಗಾಳಿಯ ಶಕ್ತಿ ವೇಗದ ಘನಕ್ಕೆ ಏರುತ್ತದೆ. ಮಾಡೆಲ್ ವೇಗವನ್ನು ನೂರಕ್ಕೆ ಹತ್ತು ಜಾಸ್ತಿ ಹೇಳಿದರೆ ಶಕ್ತಿಯ ಲೆಕ್ಕ ನೂರಕ್ಕೆ ಮೂವತ್ಮೂರು ಜಾಸ್ತಿ ಬರುತ್ತದೆ.

## ಹೋಲಿಸಲು ಕೂತವರಿಗೆ

ಎರಡೂ ಫೈಲ್ ಇಳಿಸ್ಕೊಂಡೆ. ನನ್ನ ನಕಾಶೆಯಲ್ಲಿ ಮುಂಗಾರು ಕಾರವಾರದಿಂದ ಸೊಮಾಲಿಯಾಕ್ಕೆ ಬೀಸ್ತಿದೆ! ಏನು ತಪ್ಪು?

ಬನ್ನಿ, ನಮ್ಮ ಪಂಗಡಕ್ಕೆ ಸ್ವಾಗತ. ನನ್ನ ಮೊದಲ ನಕಾಶೆಯೂ ಹೀಗೇ ಇತ್ತು. ಹವಾಮಾನದವರು ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ದಿಕ್ಕು ಎನ್ನುತ್ತಾರೆ. ರಾಶಿ ತೂರುವ ನಮ್ಮ ರೈತರದೂ ಅದೇ ರೂಢಿ, ಪಡುಗಾಳಿ ಅಂದರೆ ಪಡುವಣದಿಂದ ಬಂದದ್ದು. ಸಮುದ್ರ ವಿಜ್ಞಾನದವರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಬರೆಯುತ್ತಾರೆ. ಉಪಗ್ರಹದ ಕೆಲವು ಫೈಲ್‌ಗಳು ಎರಡನೆಯ ರೂಢಿಯವು. ಫೈಲಿನ ವಿವರಣೆ ಓದಿ, ಬೇಕಾದರೆ 180 ಡಿಗ್ರಿ ತಿರುಗಿಸಿ.

ಇನ್ನೆರಡು ಹೊಂಡಗಳನ್ನೂ ಹೇಳಿಬಿಡುತ್ತೇನೆ. ಎಲ್ಲ ಫೈಲುಗಳ ಸಮಯ ಗ್ರೀನಿಚ್‌ದು, ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ. ಇದನ್ನು ಮರೆತು ನಾನು ಒಂದು ಇಡೀ ಜುಲೈ ತಿಂಗಳ ಕೆಲಸ ಕಸದ ಬುಟ್ಟಿಗೆ ಹಾಕಿದ್ದೇನೆ. ಇನ್ನೊಂದು, ದಿಕ್ಕಿನ ಡಿಗ್ರಿಗಳ ಸರಾಸರಿ ನೇರವಾಗಿ ತೆಗೆಯಬೇಡಿ. 350 ಮತ್ತು 10ರ ಸರಾಸರಿ 180 ಅಂತ ಕಂಪ್ಯೂಟರ್ ಹೇಳುತ್ತದೆ. ಬಡಗಣ ಗಾಳಿ ತೆಂಕಣದ್ದಾಯಿತು! ಗಾಳಿಯನ್ನು ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಎಂಬ ಎರಡು ಪಾಲು ಮಾಡಿಕೊಂಡೇ ಕೂಡಿಸಿ, ಕಳೆಯಿರಿ.

ಯಾವುದನ್ನು ಯಾವುದರ ಹತ್ತಿರ ತರಬೇಕು?

ಮಾಡೆಲ್ ಎಲ್ಲ ಕಡೆ, ಎಲ್ಲ ಗಂಟೆಗೂ ಇದೆ. ಉಪಗ್ರಹ ಹಾದುಹೋದಲ್ಲಿ, ಹಾದುಹೋದಾಗ ಮಾತ್ರ ಇದೆ. ಹಾಗಾಗಿ ಮಾಡೆಲ್ ಗಾಳಿಯನ್ನು ಉಪಗ್ರಹ ನೋಡಿದ ಜಾಗಕ್ಕೂ ನಿಮಿಷಕ್ಕೂ ಎಳೆದು ತನ್ನಿ. ಉಲ್ಟಾ ಮಾಡಿದರೆ ಉಪಗ್ರಹದ ಪಟ್ಟೆಗಳ ನಡುವಿನ ಖಾಲಿ ಜಾಗವನ್ನು ನೀವೇ ಊಹಿಸಿ ತುಂಬಿದಂತೆ. ಆಸ್ಕ್ಯಾಟ್ ಎಡಬಲಕ್ಕೆ ಸುಮಾರು 550 ಕಿ.ಮೀ. ಅಗಲದ ಎರಡು ಪಟ್ಟೆ ನೋಡುತ್ತದೆ, ತನ್ನ ಕಾಲಬುಡದ ನೀರು ಅದಕ್ಕೆ ಕಾಣದು. ಫೈಲಿನಲ್ಲಿ ಗುಣಮಟ್ಟದ ಗುರುತುಗಳಿರುತ್ತವೆ. ಅನುಮಾನ ಅಂತ ಗುರುತಿರುವ ಬಿಂದುಗಳನ್ನು ಮೊದಲೇ ತೆಗೆದು ಹಾಕಿ.

ತಿಂಗಳ ಸರಾಸರಿ ಹೋಲಿಸಿದ್ರೆ ಸಾಕಲ್ವಾ? ಸುಲಭ ಆಗುತ್ತೆ.

ಸುಲಭ ಹೌದು, ಮೋಸವೂ ಹೌದು. ಮೆಟಾಪ್ ಹಾಯುವುದು ಅಲ್ಲಲ್ಲಿಯ ಬೆಳಗಿನ ಒಂಬತ್ತೂವರೆ ಮತ್ತು ರಾತ್ರಿ ಒಂಬತ್ತೂವರೆಯ ಆಸುಪಾಸಿನಲ್ಲಿ. ಮಾರ್ಚ್-ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯ ಕಡಲಗಾಳಿ ಜೋರಾಗುವುದು ಮಧ್ಯಾಹ್ನದ ಮೇಲೆ. ಮಾಡೆಲ್‌ನ 24 ಗಂಟೆಯ ಸರಾಸರಿಯಲ್ಲಿ ಅದು ಸೇರಿರುತ್ತದೆ, ಉಪಗ್ರಹದ ಸರಾಸರಿಯಲ್ಲಿ ಇರುವುದೇ ಇಲ್ಲ. ಮೊದಲು ಒಂದೊಂದು ಬಿಂದುವನ್ನೂ ಜೋಡಿ ಮಾಡಿ, ವ್ಯತ್ಯಾಸ ತೆಗೆಯಿರಿ. ಸರಾಸರಿ ಆಮೇಲೆ.

ಎಷ್ಟು ವ್ಯತ್ಯಾಸ ಬಂದ್ರ ಚಲೋ, ಎಷ್ಟು ಬಂದ್ರ ಕೆಟ್ಟದ್ದು?

ಸ್ಕ್ಯಾಟರೋಮೀಟರ್ ಕಟ್ಟುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ವೇಗದಲ್ಲಿ ಸೆಕೆಂಡಿಗೆ 2 ಮೀಟರ್, ದಿಕ್ಕಿನಲ್ಲಿ 20 ಡಿಗ್ರಿ. ನಡುಸಮುದ್ರದಲ್ಲಿ, ಮಳೆ ಇಲ್ಲದಾಗ, ಒಳ್ಳೆಯ ಮಾಡೆಲ್ ಜೊತೆ ಇಟ್ಟರೆ ಗಾಳಿಯ ಒಂದೊಂದು ಪಾಲಿನಲ್ಲೂ ಸೆಕೆಂಡಿಗೆ ಒಂದೂವರೆ ಮೀಟರಿನ ಆಸುಪಾಸಿನ ಏರಿಳಿತ ಕಂಡರೆ ನಿಮ್ಮ ಲೆಕ್ಕ ಸರಿ ಇದೆ ಅಂದುಕೊಳ್ಳಿ. ಗಾಳಿ ಸೆಕೆಂಡಿಗೆ 3-4 ಮೀಟರಿಗಿಂತ ಕಡಿಮೆ ಇದ್ದಾಗ ದಿಕ್ಕಿನ ವ್ಯತ್ಯಾಸ ನೋಡಿ ಗಾಬರಿಯಾಗಬೇಡಿ. ಅಷ್ಟು ಸಣ್ಣ ಗಾಳಿಗೆ ದಿಕ್ಕೇ ಗಟ್ಟಿ ಇರುವುದಿಲ್ಲ.

ಮಳೆ ಬಿದ್ದ ಕಡೆ ಉಪಗ್ರಹದ ಗಾಳಿ ದಿಢೀರ್ ಏರುತ್ತೆ. ನಿಜವೇ ಅದು?

ಅರ್ಧ ನಿಜ ಇರಬಹುದು, ಅರ್ಧ ಮಳೆಯ ಕಿತಾಪತಿ. ಹನಿಗಳೇ ರೇಡಾರ್ ಅಲೆಯನ್ನು ವಾಪಸ್ ಎಸೆಯುತ್ತವೆ, ನೀರಿಗೆ ಬಿದ್ದು ಮೈಯನ್ನೂ ಕದಡುತ್ತವೆ. 2 ಸೆಂಟಿಮೀಟರಿನ ಅಲೆಗೆ ಈ ಕಾಟ ಜಾಸ್ತಿ, 5.7 ಸೆಂಟಿಮೀಟರಿನದಕ್ಕೆ ಕಡಿಮೆ. ಹಾಗಾಗಿ ಮುಂಗಾರಿನ ದಿನಗಳಲ್ಲಿ ಎರಡೂ ಥರದ ಉಪಗ್ರಹ ಸಿಕ್ಕರೆ ನಾನು ಆಸ್ಕ್ಯಾಟ್ ಮೊದಲು ನೋಡುತ್ತೇನೆ.

ಆದರೆ ಮಳೆ ಬಿದ್ದ ಜಾಗವನ್ನೆಲ್ಲ ಕಣ್ಣುಮುಚ್ಚಿ ತೆಗೆದುಹಾಕಿದರೂ ತಪ್ಪು. ಗುಡುಗುಮೋಡದ ಕೆಳಗಿನಿಂದ ತಂಪು ಗಾಳಿ ಸುತ್ತಲೂ ನುಗ್ಗುತ್ತದೆ. ಹಾವೇರಿಯಲ್ಲಿ ಮೇ ತಿಂಗಳ ಅಡ್ಡಮಳೆಗೆ ಮುಂಚೆ ಧೂಳೆಬ್ಬಿಸುವ ಗಾಳಿ ಗೊತ್ತಲ್ಲ, ಅದೇ. ಅದು ನಿಜವಾದ ಗಾಳಿ. ಮಾಡೆಲ್‌ಗೆ ಅದು ಸಿಗುವುದೇ ಅಪರೂಪ. ಮಳೆಯೆಲ್ಲ ತೆಗೆದರೆ ಮಾಡೆಲ್ ಸೋಲುವ ಜಾಗಗಳನ್ನೇ ತೆಗೆದಂತಾಗಿ, ಅದು ಇರುವುದಕ್ಕಿಂತ ಜಾಣನಾಗಿ ಕಾಣುತ್ತದೆ.

ಕಾರವಾರದ ದಂಡೆಯ ಹತ್ತಿರ ಯಾಕೆ ಉಪಗ್ರಹದ ಬಿಂದುಗಳೇ ಇಲ್ಲ?

ರೇಡಾರಿಗೆ ನೆಲ ಬಹಳ ಹೊಳೆಯುತ್ತದೆ. ಉಪಗ್ರಹದ 25 ಕಿ.ಮೀ. ಚೌಕದ ಮೂಲೆಯಲ್ಲಿ ಸ್ವಲ್ಪ ನೆಲ ಸೇರಿದರೂ ಲೆಕ್ಕ ಕೆಡುತ್ತದೆ. ದಂಡೆಗಾಗಿಯೇ ಮಾಡಿದ ವಿಶೇಷ ಫೈಲ್‌ಗಳು ಇನ್ನಷ್ಟು ಹತ್ತಿರ ಬರುತ್ತವೆ. ಮಾಡೆಲ್‌ಗೂ ಅಲ್ಲಿ ಕಷ್ಟವೇ. ಅದರ ಒಂದೇ ಚೌಕದಲ್ಲಿ ಘಟ್ಟವೂ ನೀರೂ ಕಲಸಿರುತ್ತವೆ.

## ಆಳಕ್ಕೆ ಇಳಿದವರಿಗೆ

ಜುಲೈನಲ್ಲಿ ಸೊಮಾಲಿಯಾ ಹತ್ತಿರ ಮಾಡೆಲ್ ಯಾವಾಗಲೂ ಉಪಗ್ರಹಕ್ಕಿಂತ ಜಾಸ್ತಿ ಗಾಳಿ ಹೇಳುತ್ತೆ. ಮಾಡೆಲ್ ತಪ್ಪಾ?

ಈ ಪ್ರಶ್ನೆ ಬಂದರೆ ನನಗೆ ಖುಷಿ. ಎರಡೂ ಸರಿ ಇದ್ದು ಸಹ ಹೊಂದದೆ ಹೋಗಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೊದಲು ಕಾಲಕೆಳಗಿನ ನೀರು ನೋಡಿ. ಮುಂಗಾರಿನಲ್ಲಿ ಆ ದಂಡೆಗುಂಟ ಸೊಮಾಲಿ ಪ್ರವಾಹ ಈಶಾನ್ಯಕ್ಕೆ ಓಡುತ್ತದೆ. ಜೋರಿದ್ದಾಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಗಾಳಿಯೂ ಅದೇ ಕಡೆಗೆ. ಕಿರುಅಲೆ ಏಳಿಸುವುದು ಗಾಳಿ ಮತ್ತು ನೀರಿನ ನಡುವಿನ ತಿಕ್ಕಾಟ. ಬೈಕಿನಲ್ಲಿ ಗಾಳಿ ಬೀಸುವ ಕಡೆಗೇ ಹೋಗುವವನಿಗೆ ಗಾಳಿ ಕಡಿಮೆ ಅನಿಸುತ್ತದಲ್ಲ, ಹಾಗೆ. ಗಾಳಿ 15, ನೀರು 2 ಅಂದರೆ ಉಪಗ್ರಹಕ್ಕೆ ಕಾಣುವುದು 13. ಮಾಡೆಲ್ ಮಾತ್ರ ಭೂಮಿಗೆ ಹೋಲಿಸಿ 15 ಅನ್ನುತ್ತದೆ.

ಆಮೇಲೆ ತಂಪು. ಅದೇ ದಂಡೆಯಲ್ಲಿ ಆಳದ ತಣ್ಣೀರು ಮೇಲೇಳುತ್ತದೆ. ಮೇಲೆ ಬಿಸಿ ಗಾಳಿ, ಕೆಳಗೆ ತಣ್ಣೀರು. ಇಂಥ ಕಡೆ ಗಾಳಿಯ ಪದರಗಳು ಕಲಸುವುದಿಲ್ಲ, ಮೇಲಿನ ಜೋರು ಕೆಳಗೆ ಇಳಿಯುವುದಿಲ್ಲ. ಉಪಗ್ರಹಕ್ಕೆ ಈ ಬಿಸಿ-ತಂಪು ಗೊತ್ತಿಲ್ಲ. ಅದು ನೀರಿನ ಮೇಲಿನ ತಿಕ್ಕಾಟ ನೋಡಿ, ಗಾಳಿ ಸರಿಯಾಗಿ ಕಲಸಿಕೊಂಡಿದೆ ಎಂದು ಭಾವಿಸಿ, 10 ಮೀಟರಿಗೆ ಒಂದು ಅಂಕಿ ಕೊಡುತ್ತದೆ. ಇದಕ್ಕೆ ಸಮಾನ ತಟಸ್ಥ ಗಾಳಿ ಅನ್ನಬಹುದು. ತಣ್ಣೀರಿನ ಮೇಲೆ ಅದು 10 ಮೀಟರಿನ ನಿಜವಾದ ಗಾಳಿಗಿಂತ ಕಡಿಮೆ. ಇಡೀ ಜಗತ್ತಿನ ಸರಾಸರಿ ತೆಗೆದರೆ ಉಲ್ಟಾ, ತಟಸ್ಥ ಗಾಳಿಯೇ ಸೆಕೆಂಡಿಗೆ ಸುಮಾರು 0.2 ಮೀಟರ್ ಜಾಸ್ತಿ. ಏಕೆಂದರೆ ಹೆಚ್ಚಿನ ಸಮುದ್ರದಲ್ಲಿ ನೀರು ಗಾಳಿಗಿಂತ ಸ್ವಲ್ಪ ಬೆಚ್ಚಗಿರುತ್ತದೆ.

ಪರಿಹಾರ ಅರ್ಧ ಸುಲಭ. ಇಆರ್‌ಎ-5ರಲ್ಲಿ 10 ಮೀಟರಿನ ತಟಸ್ಥ ಗಾಳಿ ಅಂತ ಬೇರೆಯೇ ಅಂಕಿ ಸಿಗುತ್ತದೆ, ಹೋಲಿಕೆಗೆ ಅದನ್ನೇ ತೆಗೆದುಕೊಳ್ಳಿ. ನೀರಿನ ಪ್ರವಾಹವನ್ನು ಬೇರೆ ಕಡೆಯಿಂದ ತಂದು ಕಳೆಯಬೇಕು. ಇಷ್ಟಾದ ಮೇಲೂ ಉಳಿದ ವ್ಯತ್ಯಾಸ ಇದ್ದರೆ ಆಗ ಮಾಡೆಲ್ ಮೇಲೆ ದೂರು ಬರೆಯಿರಿ.

ಸೈಕ್ಲೋನ್‌ನಲ್ಲಿ ಗಾಳಿ ಇನ್ನೂರು ಕಿಲೋಮೀಟರ್ ಅಂತಾರೆ, ಉಪಗ್ರಹದ ಫೈಲಿನಲ್ಲಿ ಅದರ ಅರ್ಧವೂ ಇರಲ್ಲ. ಯಾಕೆ?

ಗಾಳಿ ತೀರಾ ಜೋರಾದಾಗ ರೇಡಾರ್ ಸದ್ದು ಏರುವುದು ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಅದರ ಜೊತೆ ಕಣ್ಣಿನ ಸುತ್ತಲಿನ ಜೋರು ಗಾಳಿಯ ಉಂಗುರ ಸಣ್ಣದು, 25 ಕಿ.ಮೀ. ಚೌಕದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಮೇಲಿಂದ ಧಾರಾಕಾರ ಮಳೆ ಬೇರೆ. 2019ರ ಕ್ಯಾರ್, 2021ರಲ್ಲಿ ನಮ್ಮ ಕರಾವಳಿಗುಂಟ ಹೋದ ತೌಕ್ತೆ, ಇಂಥವುಗಳ ನಡುಮಧ್ಯದ ವೇಗಕ್ಕೆ ಸ್ಕ್ಯಾಟರೋಮೀಟರ್ ನಂಬಬೇಡಿ. ಚಂಡಮಾರುತದ ಕೇಂದ್ರ ಎಲ್ಲಿದೆ, ಬಿರುಗಾಳಿ ಎಷ್ಟು ದೂರ ಹರಡಿದೆ ಅನ್ನುವುದಕ್ಕೆ ಮಾತ್ರ ಅದು ಬಹಳ ಚಲೋ. ನಡುವಿನ ವೇಗಕ್ಕೆ ಸೆಂಟಿನೆಲ್-1ರ ರೇಡಾರ್ ಚಿತ್ರ, ಸ್ಮ್ಯಾಪ್ ಉಪಗ್ರಹದ ಮಾಪಕ ವಾಸಿ.

ಮಾಡೆಲ್‌ಗೆ ಉಪಗ್ರಹದ ಗಾಳಿಯನ್ನೇ ತಿನ್ನಿಸಿ, ಆಮೇಲೆ ಅದರ ಜೊತೆಗೇ ಹೋಲಿಸೋದು ಅಂದ್ರೆ ಏನರ್ಥ?

ಕೀ ಉತ್ತರ ನೋಡಿ ಬರೆದ ಹುಡುಗನಿಗೆ ಅದೇ ಕೀ ಇಟ್ಟು ಅಂಕ ಕೊಟ್ಟಂತೆ. ಹವಾಮಾನ ಕೇಂದ್ರಗಳು ಆಸ್ಕ್ಯಾಟ್ ಗಾಳಿಯನ್ನು ದಿನವೂ ಮಾಡೆಲ್‌ಗೆ ಕೊಡುತ್ತವೆ. ಹಾಗಾಗಿ ಕೊಟ್ಟ ಮೇಲಿನ ಗಾಳಿಯನ್ನಲ್ಲ, ಕೊಡುವ ಮುಂಚಿನ ಕೆಲವು ಗಂಟೆಯ ಮುನ್ಸೂಚನೆಯನ್ನು ಹೋಲಿಸಬೇಕು. ಇಆರ್‌ಎ-5 ಜೊತೆ ಹೋಲಿಸುವವರು ಈ ಋಣ ನೆನಪಿಡಬೇಕು. ಆಶ್ಚರ್ಯ ಏನೆಂದರೆ, ತಿಂದ ಮೇಲೂ ಮಾಡೆಲ್ ಪೂರ್ತಿ ಬದಲಾಗುವುದಿಲ್ಲ. ಉಷ್ಣವಲಯದ ಮೋಡಗಳ ಸುತ್ತ ಉಪಗ್ರಹ ತೋರಿಸುವ ಏರಿಳಿತ ಮಾಡೆಲ್‌ನಲ್ಲಿ ಕಡಿಮೆಯೇ ಉಳಿಯುತ್ತದೆ.

ಮಾಡೆಲ್ ಚೌಕ 9 ಕಿ.ಮೀ., ಉಪಗ್ರಹದ್ದು 25. ಆದ್ರೂ ಉಪಗ್ರಹದ ಚಿತ್ರದಲ್ಲೇ ವಿವರ ಜಾಸ್ತಿ. ಹೇಗೆ?

ಚೌಕ ಸಣ್ಣದಿದ್ದ ಮಾತ್ರಕ್ಕೆ ಸಣ್ಣ ಸುಳಿ ಹುಟ್ಟುವುದಿಲ್ಲ. ಒಂದು ಸುಳಿಯನ್ನು ಸರಿಯಾಗಿ ನಡೆಸಲು ಮಾಡೆಲ್‌ಗೆ ಹಲವು ಚೌಕ ಬೇಕು. ಬಿಡಿ ಚೌಕಗಳಲ್ಲಿ ಏಳುವ ಕಿರಿಕಿರಿಯನ್ನು ಅದೇ ಒರೆಸಿಹಾಕುತ್ತದೆ. ಹಾಗಾಗಿ ಅದರ ನಿಜವಾದ ಕಣ್ಣು ಚೌಕಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಇನ್ನೊಂದು ವಿಚಿತ್ರ ಇದೆ. ಯಾವುದೋ ಮಾಡೆಲ್ ಧೈರ್ಯ ಮಾಡಿ ಒಂದು ಸುಳಿ ತೋರಿಸಿತು, ಆದರೆ 50 ಕಿ.ಮೀ. ಆಚೆ. ಇರಬೇಕಾದಲ್ಲಿ ಇಲ್ಲ ಅಂತ ಒಂದು ದಂಡ, ಇರಬಾರದಲ್ಲಿ ಇದೆ ಅಂತ ಇನ್ನೊಂದು. ಸುಳಿಯನ್ನೇ ತೋರಿಸದೆ ಸಪ್ಪಗೆ ಕೂತ ಮಾಡೆಲ್‌ಗೆ ಒಂದೇ ದಂಡ. ಬರೀ ವ್ಯತ್ಯಾಸದ ಅಂಕಿ ನೋಡಿ ಮಾಡೆಲ್ ಆರಿಸಿದರೆ ಸಪ್ಪಗಿನದೇ ಗೆಲ್ಲುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ.

ಉಪಗ್ರಹ 15 ಮೀಟರ್‌ಗಿಂತ ಜಾಸ್ತಿ ಹೇಳಿದ ದಿನಗಳನ್ನ ಆರಿಸಿದೆ. ಅಷ್ಟರಲ್ಲೂ ಮಾಡೆಲ್ ಕಡಿಮೆ. ಸಾಬೀತಾಯ್ತಲ್ವಾ?

ಆಗಲಿಲ್ಲ. ಪ್ರಿಪರೇಟರಿ ಪರೀಕ್ಷೆಯಲ್ಲಿ ಮೊದಲ ಹತ್ತು ಸ್ಥಾನ ಬಂದವರನ್ನಷ್ಟೇ ಆರಿಸಿ, ಫೈನಲ್‌ನಲ್ಲಿ ಅವರ ಸರಾಸರಿ ನೋಡಿ. ಕಡಿಮೆಯಾಗಿರುತ್ತದೆ. ಅವರು ದಡ್ಡರಾಗಿದ್ದಲ್ಲ, ಆ ದಿನ ಅದೃಷ್ಟವೂ ಜೊತೆಗಿದ್ದವರು ಆಯ್ಕೆಯಾಗಿದ್ದರು. ಉಪಗ್ರಹದ ಅಂಕಿ ನೋಡಿ ಆರಿಸಿದಾಗ ಅದು ಮೇಲಕ್ಕೆ ತಪ್ಪಿದ ದಿನಗಳೂ ಜಾಸ್ತಿ ಸೇರುತ್ತವೆ. ಮಾಡೆಲ್‌ನ ಅಂಕಿ ನೋಡಿ ಆರಿಸಿ ನೋಡಿ, ಈಗ ಉಪಗ್ರಹವೇ ಕಡಿಮೆ ಅನ್ನಿಸಬಹುದು! ಎರಡರ ಸರಾಸರಿಯ ಮೇಲೆ ಗುಂಪು ಮಾಡುವುದು ವಾಸಿ.

ಹಾಗಾದ್ರ ಯಾರದು ಎಷ್ಟು ತಪ್ಪು ಅಂತ ಹೇಳಾಕ ದಾರೀನ ಇಲ್ಲೇನ್ರಿ?

ಇದೆ, ಆದರೆ ಇಬ್ಬರಿಂದ ಆಗದು, ಮೂವರು ಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ಒಂದೇ ಮೆಣಸಿನಕಾಯಿ ಚೀಲವನ್ನು ಎರಡು ತಕ್ಕಡಿಯಲ್ಲಿ ತೂಗಿ ವ್ಯತ್ಯಾಸ ಬಂದರೆ ಯಾವುದು ಕೆಟ್ಟಿದೆ ಗೊತ್ತಾಗುವುದಿಲ್ಲ. ಮೂರನೆಯ ತಕ್ಕಡಿ ತಂದು, ನೂರಾರು ಚೀಲ ತೂಗಿದರೆ, ಯಾವ ಎರಡು ಎಷ್ಟು ಹೊಂದುತ್ತವೆ ಅನ್ನುವುದರಿಂದ ಮೂರರ ತಪ್ಪನ್ನೂ ಬೇರೆ ಬೇರೆ ಮಾಡಬಹುದು. ಮೂರರ ತಪ್ಪುಗಳಿಗೂ ಒಂದಕ್ಕೊಂದು ನಂಟಿರಬಾರದು ಅಷ್ಟೇ. ಗಾಳಿಗೆ ಈ ಲೆಕ್ಕವನ್ನು 1998ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿ ಆಡ್ ಸ್ಟೋಫೆಲೆನ್ ಮಾಡಿ ತೋರಿಸಿದರು. ಮಾಡೆಲ್, ಉಪಗ್ರಹ, ತೇಲುಬುರುಡೆ, ಇವೇ ಮೂರು ತಕ್ಕಡಿ.

ತೇಲುಬುರುಡೆಯ ಮಾಪಕ ನೀರಿನಿಂದ ಮೂರು-ನಾಲ್ಕು ಮೀಟರ್ ಎತ್ತರದಲ್ಲಷ್ಟೇ ಇರುತ್ತದೆ, ಮೊದಲು ಅದನ್ನು 10 ಮೀಟರಿಗೆ ಏರಿಸಿಕೊಳ್ಳಬೇಕು. ಅದು ನೋಡುವುದು ಒಂದು ಬಿಂದುವನ್ನು, ಉಪಗ್ರಹ ನೋಡುವುದು ಒಂದು ತಾಲೂಕಿನಷ್ಟು ನೀರನ್ನು, ಮಾಡೆಲ್ ಅದಕ್ಕೂ ದೊಡ್ಡದನ್ನು. ಚೀಲದ ಒಂದು ಹಿಡಿ ತೂಗಿದವನಿಗೂ ಇಡೀ ಚೀಲ ತೂಗಿದವನಿಗೂ ಬರುವ ಈ ಅಂತರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬಡಪಾಯಿ ತೇಲುಬುರುಡೆಯೇ ಎಲ್ಲರಿಗಿಂತ ಕೆಟ್ಟದ್ದು ಅಂತ ಉತ್ತರ ಬಂದುಬಿಡುತ್ತದೆ. ಆದ್ದರಿಂದ ತಪ್ಪು ಎಷ್ಟು ಅಂತ ಕೇಳುವಾಗ ಎಷ್ಟು ದೊಡ್ಡ ಚೌಕದ ಗಾಳಿಗೆ ಅನ್ನುವುದನ್ನೂ ಸೇರಿಸಿ ಕೇಳಿ. ನಿಮ್ಮ ಚೌಕ 25 ಕಿ.ಮೀ. ಆದರೆ, ಮಳೆ ಇಲ್ಲದ ನಡುಸಮುದ್ರದಲ್ಲಿ ನಾನು ಕಣ್ಣುಮುಚ್ಚಿ ಉಪಗ್ರಹದ ಪಕ್ಷ.